ಮಂಗನ ಕಾಯಿಲೆ ಮತ್ತು ಸೂಕ್ಷ್ಮಜೀವಿ ಶಾಸ್ತ್ರ

ಮಲೆನಾಡಿನ ರೈತರು ಮಳೆಗಾಲ ಕಳೆದ ಮೇಲೆ ದರಗು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಬೆಟ್ಟಕ್ಕೆ ಹೋಗುವುದು ವಾಡಿಕೆ. ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಇದು ಆಕಸ್ಮಿಕವಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ಜ್ವರ ಹಿಡಿದು ಮಲಗಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರವು ಹೀಗೆಯೇ ಮಂಗಗಳನ್ನು ಕೊಲ್ಲುವುದರಿಂದ, ಆ ರೋಗವೇ ಭಾರತಕ್ಕೆ ಬಂದಿತೋ ಎಂಬ ಭೀತಿ ಹುಟ್ಟಿತು. ಅದು ನಿಜವಾಗಿದ್ದರೆ ಸೊಳ್ಳೆಯನ್ನು ನಾಶಪಡಿಸಬೇಕಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಎಳೆಯ ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಕಾಡಿನ ನೆಲದಿಂದ ಹಿಡಿದು ತಂದ ಉಣುಗುಗಳಲ್ಲಿಯೂ ಅದೇ ವೈರಸ್ ದೊರೆಯಿತು. ಈ ಕೆಲಸದಲ್ಲಿ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ್ದುಂಟು.

ದನಗಳಿಗೆ ಈ ಕಾಯಿಲೆ ಬರುವುದಿಲ್ಲವೆಂದು ರೈತರು ನಿಶ್ಚಿಂತರಾಗಿರುವುದುಂಟು. ಅಷ್ಟಕ್ಕೇ ಬಿಡುವಂತಿಲ್ಲ. ಕಾಡಿನಲ್ಲಿ ಮೇಯುವ ದನಗಳ ರಕ್ತ ಹೀರಿ ಬೆಳೆದ ಉಣುಗು ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಅದರ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಬೇಸಿಗೆಯಲ್ಲಿ ದರಗಿನ ಮೇಲೆ ಹರಿದಾಡುವ ಎಳೆಯ ಉಣುಗುಗಳೇ ಮನುಷ್ಯನನ್ನು ಕಚ್ಚುವುದು. ಅವು ಸಾಸಿವೆ ಕಾಳಿಗಿಂತ ದೊಡ್ಡವಲ್ಲವಾದ್ದರಿಂದ ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಡನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮತ್ತೆ ಬಂದು ಮಿದುಳಿಗೆ ತಟ್ಟುವುದೂ ಇದೆ. ಸಾಮಾನ್ಯವಾಗಿ ನೂರು ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಬೆಟ್ಟಕ್ಕೆ ಹೋಗಿಬಂದವರಿಗೆ ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲ ದಿನಗಳಲ್ಲಿ ಪಿ.ಸಿ.ಆರ್. ಪರೀಕ್ಷೆ ವೈರಸ್ಸನ್ನೇ ಗುರುತಿಸುತ್ತದೆ. ದಿನ ಕಳೆದರೆ ಪ್ರತಿಕಾಯಗಳನ್ನು ಹುಡುಕಬೇಕಾಗುತ್ತದೆ. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿಯಿಲ್ಲ. ಆದರೂ ಬೇಗ ಆಸ್ಪತ್ರೆ ಸೇರಿದವರಿಗೆ ದ್ರವ ಕೊಟ್ಟು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಉಳಿಸಿಕೊಳ್ಳಬಹುದು.

1990ರಿಂದ ಬಳಕೆಯಲ್ಲಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹಳೆಯ ಚುಚ್ಚುಮದ್ದು ಹಾಕಿಸಿಕೊಂಡಿದ್ದೇವೆಂದು ಯಾರೂ ಧೈರ್ಯವಾಗಿರಕೂಡದು. ಬೆಟ್ಟಕ್ಕೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಕೈಕಾಲುಗಳಿಗೆ ಹಚ್ಚಿ, ಮೈತುಂಬ ಬಟ್ಟೆ ತೊಡಬೇಕು. ಹಿಂದಿರುಗಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ದನಗಳ ಮೈಮೇಲಿನ ಉಣುಗಿಗೆ ಪಶುವೈದ್ಯರ ಸಲಹೆಯಂತೆ ಔಷಧಿ ಹಾಕಿಸಬೇಕು.

ಮಂಗ ಸತ್ತಿದ್ದರೆ ಹತ್ತಿರ ಹೋಗಕೂಡದು, ಮುಟ್ಟಲೂ ಕೂಡದು. ಹೆಣ ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ನೆಲಕ್ಕಿಳಿದಿರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದೇ ದಿನ ತಿಳಿಸಿದರೆ ಅಂಗಾಂಶವನ್ನು ಪರೀಕ್ಷೆಗೆ ಕಳುಹಿಸಿ, ಆ ಜಾಗಕ್ಕೆ ಕೀಟನಾಶಕದ ಪುಡಿ ಉದುರಿಸುವ ವ್ಯವಸ್ಥೆ ಮಾಡುತ್ತಾರೆ.