ಚಂದ್ರನನ್ನು ದಾಟಿದ ಅಜ್ಜಿಯರು

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2024-25ರಲ್ಲಿ ಓಡಾಡಿದವರು ಸುಮಾರು 4 ಕೋಟಿ 18 ಲಕ್ಷ ಪ್ರಯಾಣಿಕರು. ಬಾಯಿ ತುಂಬುವ ಸಂಖ್ಯೆ. ಈಗ ಅದೇ ಊರಿನ ಬಸ್ ನಿಲ್ದಾಣದಲ್ಲಿ ನಿಂತು ಇನ್ನೊಂದು ಲೆಕ್ಕ ಹಾಕಿ. ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ 500 ಕೋಟಿ ಟಿಕೆಟ್ ಮುಟ್ಟಿದ್ದು 2025ರ ಜುಲೈ 14ರಂದು. ದಿನಕ್ಕೆ ಸರಾಸರಿ 65 ಲಕ್ಷ. ವಿಮಾನ ನಿಲ್ದಾಣ ವರ್ಷವಿಡೀ ಕಂಡಷ್ಟು ಜನವನ್ನು ಕರ್ನಾಟಕದ ಸರ್ಕಾರಿ ಬಸ್ಸು ಒಂದು ವಾರ ತುಂಬುವ ಮೊದಲೇ ಹತ್ತಿಸಿಕೊಳ್ಳುತ್ತದೆ, ಅದೂ ಹೆಂಗಸರನ್ನು ಮಾತ್ರ ಎಣಿಸಿದರೆ.

ಪ್ರತಿ ಟಿಕೆಟ್ಟಿಗೂ ಒಂದು ಸಲ ಬಸ್ಸು ಹತ್ತಬೇಕು. ಕೇಂದ್ರ ಸರ್ಕಾರದ ನಗರ ಬಸ್ ಮಾನದಂಡದಲ್ಲಿ ಬಸ್ಸಿನ ನೆಲ ರಸ್ತೆಯಿಂದ 40, 65 ಅಥವಾ 90 ಸೆಂ.ಮೀ. ಎತ್ತರದಲ್ಲಿರಬಹುದು. ಹಳ್ಳಿ ರೂಟಿನ ಬಸ್ಸು 90ಕ್ಕಿಂತ ಕಡಿಮೆಯೇನಿಲ್ಲ. 500 ಕೋಟಿಯಲ್ಲಿ ಹತ್ತಕ್ಕೊಂದು ಟಿಕೆಟ್ ಅರವತ್ತು ದಾಟಿದವರದು ಎಂದಿಟ್ಟುಕೊಳ್ಳಿ. 50 ಕೋಟಿ ಸಲ 90 ಸೆಂ.ಮೀ. ಎಂದರೆ 4,50,000 ಕಿ.ಮೀ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ! ಎಲ್ಲ ಬಸ್ಸೂ ಎತ್ತರದ್ದಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಮಿಕ್ಕ 65 ಸಾವಿರ ಕಿ.ಮೀ. ಅವರಿಗೇ ಬಿಟ್ಟುಕೊಡೋಣ.

ಏರಿದವರು ಇಳಿಯಲೂ ಬೇಕು. ಸೆನ್ಸರ್ ಅಳವಡಿಸಿದ ಕೃತಕ ಮಂಡಿಗಳಿಂದ ವಿಜ್ಞಾನಿಗಳು ಅಳೆದಿದ್ದಾರೆ: ಸಾಧಾರಣ ಮೆಟ್ಟಿಲು ಹತ್ತುವಾಗಲೇ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ, ಇಳಿಯುವಾಗ ಇನ್ನೂ ಜಾಸ್ತಿ. ಐವತ್ತು ಕಿಲೋ ತೂಗುವ ಅಜ್ಜಿಯ ಒಂದೊಂದು ಮಂಡಿಯ ಮೇಲೆ ಒಂದೂವರೆ ಕ್ವಿಂಟಾಲ್. ಕೈಯಲ್ಲಿ ಸೊಪ್ಪಿನ ಚೀಲ, ಹಿಂದೆ ನೂಕುವ ಜನ, ಒಳಗಿಂದ ಕಂಡಕ್ಟರ್ 'ಬೇಗ ಹತ್ತಮ್ಮೋ'. ಸಾರ್ವಜನಿಕ ಕಟ್ಟಡದ ಮೆಟ್ಟಿಲು 15 ಸೆಂ.ಮೀ. ಮೀರಬಾರದು ಎನ್ನುವ ಸರ್ಕಾರವೇ ಬಸ್ಸಿಗೆ ಬಂದಾಗ ಉದಾರಿಯಾಗುತ್ತದೆ.

ಬಾಗಿಲ ಬಳಿ ಬಾಗಿ ತಗ್ಗುವ ವೋಲ್ವೋ ಬಸ್ಸುಗಳನ್ನು ಬೆಂಗಳೂರು ಎರಡು ದಶಕದ ಹಿಂದೆಯೇ ಕಂಡಿತು. ಆದರೆ 'ವಜ್ರ' ಹೆಸರಿನ ಆ ಎ.ಸಿ. ಬಸ್ಸಿಗೆ ಶಕ್ತಿ ಟಿಕೆಟ್ ನಡೆಯುವುದಿಲ್ಲ! ಅರವತ್ತು ದಾಟಿದ ಗಂಡಸರಿಗೆ ಕೆ.ಎಸ್.ಆರ್.ಟಿ.ಸಿ. ಕೊಡುವುದು ದರದಲ್ಲಿ 25 ಪರ್ಸೆಂಟ್ ರಿಯಾಯಿತಿ. ದರ ಇಳಿಯಿತು, ಮೆಟ್ಟಿಲು ಇಳಿಯಲಿಲ್ಲ.

ಹಳ್ಳಿ ರಸ್ತೆಯ ಹಂಪು, ಹೊಂಡಗಳಿಗೆ ತಗ್ಗಿನ ಬಸ್ಸು ತಡೆಯುವುದಿಲ್ಲ ಎನ್ನುವುದು ನಿಜವೇ. ಬಸ್ಸು ಇಳಿಯದಿದ್ದರೆ ನೆಲ ಏರಬಹುದು. ನಿಲ್ದಾಣದ ಅಂಕಣವನ್ನು 15 ಸೆಂ.ಮೀ. ಎತ್ತರಿಸಿ ಬಸ್ಸನ್ನು ಅದಕ್ಕೆ ಒತ್ತಿ ನಿಲ್ಲಿಸಿದರೆ, ಅದೇ 50 ಕೋಟಿ ಹತ್ತುವಿಕೆಯಲ್ಲಿ ಉಳಿತಾಯವಾಗುವುದು 75,000 ಕಿ.ಮೀ., ಭೂಮಿಯ ಸುತ್ತಳತೆಯ ಹೆಚ್ಚುಕಡಿಮೆ ಎರಡು ಪಟ್ಟು. ಮಡಚುವ ಇನ್ನೊಂದು ಮೆಟ್ಟಿಲು, ಎರಡೂ ಕಡೆ ಹಿಡಿಕೆ, ಅಂಚಿಗೆ ಹಳದಿ ಪಟ್ಟಿ: ಯಾವುದಕ್ಕೂ ರಾಕೆಟ್ ವಿಜ್ಞಾನಿಗಳು ಬೇಕಿಲ್ಲ.

ದೇಶದಲ್ಲಿ ಅರವತ್ತು ದಾಟಿದವರು 2021ರಲ್ಲಿ 13.8 ಕೋಟಿ ಇದ್ದರೆ 2031ಕ್ಕೆ 19.4 ಕೋಟಿಯಾಗುತ್ತಾರೆಂಬ ಅಂದಾಜಿದೆ. ಸಾರಿಗೆ ನಿಗಮಗಳು ಮುಂದಿನ ಬಸ್ ಟೆಂಡರಿಗೆ ಸಹಿ ಹಾಕುವ ಮೊದಲು ಮಾದರಿ ಬಸ್ಸೊಂದನ್ನು ನೆಲಮಂಗಲಕ್ಕೋ ದೊಡ್ಡಬಳ್ಳಾಪುರಕ್ಕೋ ತಂದು ನಿಲ್ಲಿಸಲಿ. ಎಪ್ಪತ್ತು ದಾಟಿದ ಹತ್ತು ಜನ ಹತ್ತಿ ಇಳಿದು ಒಪ್ಪಿದ ಮೇಲೆಯೇ ಮೆಟ್ಟಿಲ ಎತ್ತರ ಗೊತ್ತುಮಾಡಲಿ.