ಒಂದೇ ಹಾಳೆಯಲ್ಲಿ ಇಬ್ಬರು

ಹರಿಹರದ ಗುಡಿಯಲ್ಲಿ ವಿಗ್ರಹ ಒಂದು, ದೇವರು ಇಬ್ಬರು. ಅರ್ಧ ಹರಿ, ಅರ್ಧ ಹರ. ಹದಿನೆಂಟನೇ ಶತಮಾನದ ಫ್ರಾನ್ಸಿನ ಅಚ್ಚುಚಿತ್ರಗಳ ಅಡಿಯಂಚು ನೋಡಿದಾಗ ನನಗೆ ನೆನಪಾದದ್ದು ಈ ಹರಿಹರೇಶ್ವರನೇ. ಅಲ್ಲಿ ಸಾಮಾನ್ಯವಾಗಿ ಎಡಮೂಲೆಯಲ್ಲಿ ಮೂಲಚಿತ್ರ ಬರೆದವನ ಹೆಸರಿರುತ್ತದೆ, ಬಲಮೂಲೆಯಲ್ಲಿ ಅದನ್ನು ತಾಮ್ರದ ತಗಡಿನ ಮೇಲೆ ಕೊರೆದವನ ಹೆಸರು.

ಕೊರೆಯುವವನ ಕಷ್ಟ ಸಣ್ಣದಲ್ಲ. ಅವನ ಕೈಯಲ್ಲಿ ಬಣ್ಣವಿಲ್ಲ, ಚೂಪಾದ ಉಳಿ ಮಾತ್ರ. ರೇಷ್ಮೆಯ ಹೊಳಪು, ಕೆನ್ನೆಯ ನುಣುಪು, ಮೂಲೆಯ ಕತ್ತಲು ಎಲ್ಲವೂ ಗೆರೆಯಲ್ಲೇ ಮೂಡಬೇಕು. ಕತ್ತಲಿದ್ದಲ್ಲಿ ಗೆರೆ ಒತ್ತೊತ್ತಾಗಿ, ಬೆಳಕಿದ್ದಲ್ಲಿ ವಿರಳವಾಗಿ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ತಗಡಿನ ಮೇಲೆ ತಿರುಗುಮುರುಗಾಗಿ ಕೊರೆಯಬೇಕು. ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದ ಹಾಸಿ, ಉರುಳೆಗಳ ನಡುವೆ ಒತ್ತಿದರೆ ಒಂದು ಪ್ರತಿ.

ಶಾರ್ದಾಂ ಎಂಬ ಕಲಾವಿದ ಊಟಕ್ಕೆ ಮುಂಚೆ ಕೈಮುಗಿಯುವ ಮಗುವಿನ ಚಿತ್ರ ಬರೆದು 1740ರಲ್ಲಿ ದೊರೆ ಹದಿನೈದನೇ ಲೂಯಿಗೆ ಒಪ್ಪಿಸಿದ. ಚಿತ್ರ ದೊರೆಯ ಪಾಲಾಯಿತು. 1744ರಲ್ಲಿ ಕೆತ್ತನೆಗಾರ ಲೆಪಿಸಿಯೆ ಅದನ್ನು ತಾಮ್ರಕ್ಕಿಳಿಸಿದ ಮೇಲೆ ಆ ಮಗು ಸಾಮಾನ್ಯರ ಗೋಡೆಗೂ ಬಂತು. ಇನ್ನೊಬ್ಬ ಚಿತ್ರಕಾರ ವಾತೋ ತೀರಿಕೊಂಡ ಮೇಲೆ ಅವನ ಗೆಳೆಯ ಜೂಲಿಯೆನ್ ಹಲವು ಕೆತ್ತನೆಗಾರರನ್ನು ಕೂಡಿಸಿ ಅವನ ಚಿತ್ರಗಳನ್ನು ಅಚ್ಚು ಹಾಕಿಸಿದ. ಯುರೋಪಿನ ಬಹುಪಾಲು ಜನ ವಾತೋನನ್ನು ಕಂಡದ್ದು ಆ ಹಾಳೆಗಳಲ್ಲೇ.

ನಮ್ಮಲ್ಲೂ ಆದದ್ದು ಇದೇ. ರಾಜಾ ರವಿವರ್ಮನ ಮೂಲಚಿತ್ರಗಳು ಅರಮನೆ ಸೇರಿದವು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಕಲ್ಲಚ್ಚಿನ ಪ್ರೆಸ್ಸು ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೆ ತಲುಪಿಸಿತು. ದಾವಣಗೆರೆಯ ಹಳೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಗಾಜಿಗೆ ಕುಂಕುಮ ಹಚ್ಚಿಸಿಕೊಂಡು, ಊದುಬತ್ತಿಯ ಹೊಗೆಗೆ ಕಂದಿ ಕೂತ ಲಕ್ಷ್ಮಿ ಆ ವಂಶದವಳೇ. ಆದರೆ ಒಂದು ಕೊರತೆ. ಅಲ್ಲಿ ರವಿವರ್ಮನ ಹೆಸರಿದೆ, ಪ್ರೆಸ್ಸಿನ ಹೆಸರಿದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಮೇಲೆ ಆ ಮುಖವನ್ನು ಬಿಡಿಸಿದವರ ಹೆಸರು ಸಾಮಾನ್ಯವಾಗಿ ಇಲ್ಲ. ಪ್ಯಾರಿಸ್ಸಿನ ಕೆತ್ತನೆಗಾರನಿಗೆ ಸಿಕ್ಕ ಮೂಲೆಯೂ ಇವರಿಗೆ ಸಿಗಲಿಲ್ಲ.

ಮನೆ ರಿಪೇರಿಯ ಗಡಿಬಿಡಿಯಲ್ಲಿ ಇಂಥ ಪಟಗಳನ್ನು ಅರಳಿಕಟ್ಟೆಗೆ ಇಟ್ಟು ಬರುವವರಿದ್ದಾರೆ. ಇಡುವ ಮುಂಚೆ ಅಡಿಯಂಚಿನ ಸಣ್ಣ ಅಕ್ಷರ ಓದಿ. 1964ರಲ್ಲಿ ಆರಂಭವಾದ ದೃಶ್ಯಕಲಾ ಮಹಾವಿದ್ಯಾಲಯ ದಾವಣಗೆರೆಯಲ್ಲೇ ಇದೆ. ಅಲ್ಲಿ ಕಲಿಯುವ ಮಕ್ಕಳಿಗೊಮ್ಮೆ ತೋರಿಸಿ. ಪಟ ಹಳೆಯದಾಗಿರಬಹುದು, ಅದರ ಹಿಂದಿನ ಕೈ ಇನ್ನೂ ಪಾಠ ಹೇಳುತ್ತದೆ.