ತಟ್ಟೆಯ ಮೇಲೆ ಬೆರಳಿಟ್ಟವರು

1973ರ ಆಗಸ್ಟ್ 11, ಶನಿವಾರ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಜ್ವಿಕ್ ಅವೆನ್ಯೂವಿನ 1520ನೇ ನಂಬರಿನ ಬಾಡಿಗೆ ಕಟ್ಟಡದ ಕೆಳಗಿನ ಕೋಣೆಯಲ್ಲಿ ಒಂದು ಪಾರ್ಟಿ. ಏರ್ಪಡಿಸಿದವಳು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಹೊಸ ಬಟ್ಟೆ ಕೊಳ್ಳಬೇಕು, ಕೈಯಲ್ಲಿ ಕಾಸು ಸಾಲದು. ಸಣ್ಣ ಕಾರ್ಡುಗಳ ಮೇಲೆ ಕೈಯಲ್ಲೇ ಆಮಂತ್ರಣ ಬರೆದು ಹಂಚಿದಳು. ಪ್ರವೇಶ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕುವ ಕೆಲಸಕ್ಕೆ 18 ವರ್ಷದ ಅಣ್ಣ ಕ್ಲೈವ್ ಇದ್ದ. 12ನೇ ವಯಸ್ಸಿನಲ್ಲಿ ಜಮೈಕಾದಿಂದ ಬಂದ ಈ ದೃಢಕಾಯದ ಹುಡುಗನನ್ನು ಗೆಳೆಯರು ‘ಹರ್ಕ್ಯುಲಿಸ್’ ಎನ್ನುತ್ತಿದ್ದರು. ಅದೇ ಮೊಟಕಾಗಿ ‘ಕೂಲ್ ಹರ್ಕ್’ ಆಯಿತು.

ಯಾವ ಕಲೆಯೂ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ ನಿಜ. ಆದರೂ 2023ರಲ್ಲಿ ಹಿಪ್-ಹಾಪ್ ಲೋಕ ತನ್ನ ಐವತ್ತನೆಯ ಹುಟ್ಟುಹಬ್ಬವನ್ನು ಆಚರಿಸಿದ್ದು ಈ ಪಾರ್ಟಿಯ ದಿನವನ್ನೇ ಲೆಕ್ಕ ಹಿಡಿದು.

ಆಗಿನ ಬ್ರಾಂಕ್ಸ್ ಹೇಗಿತ್ತು? ರಾಬರ್ಟ್ ಮೋಸಸ್ ಎಂಬ ಪ್ರಬಲ ಅಧಿಕಾರಿ ಹಾಕಿಸಿದ ಹೆದ್ದಾರಿ ಆ ಪ್ರದೇಶವನ್ನು ಸೀಳಿಕೊಂಡು ಹೋಗಿತ್ತು. ಸಾವಿರಾರು ಸಂಸಾರಗಳು ಒಕ್ಕಲೆದ್ದಿದ್ದವು. ಕಾರ್ಖಾನೆಗಳು ಮುಚ್ಚಿ ಅನುಕೂಲಸ್ಥರು ಊರು ಬಿಟ್ಟರು. ಬಾಡಿಗೆ ಹುಟ್ಟದ ಕಟ್ಟಡಗಳಿಗೆ ವಿಮೆ ಹಣದ ಆಸೆಗೆ ಮಾಲೀಕರೇ ಬೆಂಕಿ ಇಡಿಸಿದ ಪ್ರಸಂಗಗಳೂ ಕಡಿಮೆಯಲ್ಲ. ಬೀದಿ ಬೀದಿಗೆ ಹುಡುಗರ ಗ್ಯಾಂಗುಗಳಿದ್ದವು. ಜಗಳ ಬಿಡಿಸಲು ಹೋದ ಒಬ್ಬ ಯುವಕ 1971ರಲ್ಲಿ ಕೊಲೆಯಾದಾಗ, ಸೇಡಿನ ಬದಲು ಗ್ಯಾಂಗುಗಳ ನಾಯಕರು ಒಂದೆಡೆ ಕೂತು ಸಂಧಾನ ಮಾಡಿಕೊಂಡರು. ಸಂಧಾನ ಪೂರ್ತಿ ಬಾಳಲಿಲ್ಲ. ಆದರೆ ಒಂದು ಬೀದಿಯವರು ಇನ್ನೊಂದು ಬೀದಿಗೆ ಕುಣಿಯಲು ಹೋಗುವಷ್ಟು ದಾರಿ ಅದರಿಂದ ತೆರೆಯಿತು.

ಇನ್ನು ಹರ್ಕ್ ಮಾಡಿದ ಕೆಲಸ. ಕುಣಿಯುವವರನ್ನು ಆತ ಗಮನಿಸುತ್ತಿದ್ದ. ಹಾಡಿನ ನಡುವೆ ಗಾಯನವೂ ಉಳಿದ ವಾದ್ಯಗಳೂ ನಿಂತು, ಡ್ರಮ್ಮು ಮಾತ್ರ ನುಡಿಯುವ ಕೆಲವು ಕ್ಷಣಗಳಿರುತ್ತವೆ. ಅದಕ್ಕೆ ‘ಬ್ರೇಕ್’ ಎನ್ನುತ್ತಾರೆ. ನಮ್ಮ ಕಛೇರಿಗಳಲ್ಲಿ ಮೃದಂಗದವರ ತನಿ ಶುರುವಾದೊಡನೆ ಕೆಲವರು ಕಾಫಿಗೆ ಎದ್ದು ಹೋಗುವುದುಂಟು. ಬ್ರಾಂಕ್ಸಿನ ಹುಡುಗರದು ತದ್ವಿರುದ್ಧ. ಅಲ್ಲಿಯವರೆಗೆ ಗೋಡೆಗೊರಗಿ ನಿಂತವರು ಬ್ರೇಕ್ ಬಂದಾಗಲೇ ಕಣಕ್ಕೆ ಧುಮುಕುತ್ತಿದ್ದರು. ಆದರೆ ಅದು ಬಂದಷ್ಟೇ ಬೇಗ ಮುಗಿದುಹೋಗುತ್ತಿತ್ತು. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಗ್ರಾಮಫೋನುಗಳ ಮೇಲಿಟ್ಟ. ಒಂದರಲ್ಲಿ ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದರ ಆರಂಭಕ್ಕೆ ಮುಳ್ಳು ಇಳಿಸುವುದು. ಅದು ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನದು. ಹೀಗೆ ಅರೆನಿಮಿಷದ ತುಣುಕು ಐದು ನಿಮಿಷ ಓಡತೊಡಗಿತು. ಆ ತುಣುಕಿಗೆ ಕುಣಿದವರೇ ‘ಬಿ-ಬಾಯ್’ಗಳು. ‘ಇನ್‌ಕ್ರೆಡಿಬಲ್ ಬಾಂಗೊ ಬ್ಯಾಂಡ್’ ಎಂಬ, ಕೇವಲ ಸ್ಟುಡಿಯೊಗೆಂದು ಕೂಡಿಸಿದ ತಂಡದ ‘ಅಪಾಚೆ’ ಎಂಬ ತಟ್ಟೆ ಇವರ ಪಾಲಿಗೆ ನಾಡಗೀತೆಯೇ ಆಯಿತು. ಅದನ್ನು ನುಡಿಸಿದವರಿಗೆ ಬ್ರಾಂಕ್ಸಿನ ಸುದ್ದಿಯೇ ಇರಲಿಲ್ಲವೆನ್ನಿ.

ಹರ್ಕ್ ತನ್ನ ತಟ್ಟೆಗಳ ಲೇಬಲ್ಲುಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದ. ಯಾವ ರೆಕಾರ್ಡು ಎಂದು ಎದುರಾಳಿಗಳಿಗೆ ತಿಳಿಯಬಾರದಲ್ಲ! ಬೇರೆಯವರ ಡ್ರಮ್ಮಿನ ಪೆಟ್ಟುಗಳನ್ನು ಎತ್ತಿಕೊಂಡು ಕಟ್ಟಿದ ಕಲೆಯಿದು, ಅದರಲ್ಲಿ ಮೊದಲು ಅಳಿಸಿದ್ದು ಹೆಸರನ್ನೇ ಎಂಬುದನ್ನು ನೆನಪಿಡಿ.

ಹರ್ಕ್‌ನ ಕೈಚಳಕ ಒರಟು; ತಾಳ ಅಲ್ಲಲ್ಲಿ ತಪ್ಪುತ್ತಿತ್ತು. ಅದನ್ನು ತಿದ್ದಿದವನು ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್. ತಟ್ಟೆಗಳ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಮುಂದಿನ ತುಣುಕನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಮೊದಲು ಕೇಳಿಕೊಂಡು, ಬೆರಳಿನಿಂದಲೇ ಹಿಂದಕ್ಕೆ ತಿರುಗಿಸಿ, ಮಾತ್ರೆ ತಪ್ಪದಂತೆ ಜೋಡಿಸಿದ. ರೆಕಾರ್ಡಿನ ಮುಖಕ್ಕೆ ಕೈ ತಾಗಿಸಕೂಡದು ಎಂದು ಮನೆಗಳಲ್ಲಿ ಮಕ್ಕಳಿಗೆ ಗದರುತ್ತಿದ್ದ ಕಾಲವದು. ಇನ್ನೂ ಚಿಕ್ಕವನಾದ ಥಿಯೋಡರ್ ಎಂಬ ಹುಡುಗ, ಸದ್ದು ಕಡಿಮೆ ಮಾಡೆಂದು ಅಮ್ಮ ಗದರಿಸಿದಾಗ ತಿರುಗುವ ತಟ್ಟೆಯನ್ನು ಕೈಯಿಂದ ಹಿಡಿದ. ಮುಳ್ಳಿನಡಿಯ ಆ ‘ಕರ್‍ರ್’ ಸದ್ದೇ ‘ಸ್ಕ್ರ್ಯಾಚ್’ ಆಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಗ್ರಾಮಫೋನು ಹೀಗೆ ಕೇಳಿಸುವ ಯಂತ್ರವಾಗಿದ್ದದ್ದು ನುಡಿಸುವ ವಾದ್ಯವಾಯಿತು.

ಮೈಕಿನ ಮಾತು ಬಂದದ್ದು ಇದರ ಪಕ್ಕವಾದ್ಯವಾಗಿ. ಹರ್ಕ್‌ನ ಗೆಳೆಯ ಕೋಕ್ ಲಾ ರಾಕ್ ಪಾರ್ಟಿಗೆ ಬಂದವರ ಹೆಸರು ಕೂಗಿ ಹುರಿದುಂಬಿಸುತ್ತಿದ್ದ. ಆ ಕೂಗು ಪ್ರಾಸವಾಯಿತು. ಪ್ರಾಸ ಬೆಳೆದು ರ‍್ಯಾಪ್ ಆಯಿತು. ಅತ್ತ ಗ್ಯಾಂಗಿನಲ್ಲಿ ಬೆಳೆದ ಆಫ್ರಿಕಾ ಬಂಬಾಟಾ ಹೊಡೆದಾಟವನ್ನು ಹಾಡು, ಕುಣಿತಗಳ ಪೈಪೋಟಿಗೆ ತಿರುಗಿಸಿ ‘ಜುಲು ನೇಷನ್’ ಕಟ್ಟಿದ. ಬೀದಿದೀಪದ ಕಂಬದಿಂದಲೇ ವಿದ್ಯುತ್ ಎಳೆದು ಪಾರ್ಕುಗಳಲ್ಲಿ ಮೇಳ ನಡೆಯುತ್ತಿತ್ತು. 1977ರ ಜುಲೈನಲ್ಲಿ ಇಡೀ ನಗರದ ದೀಪ ಆರಿದ ರಾತ್ರಿ ಅಂಗಡಿಗಳಿಂದ ಲೂಟಿಯಾದ ಉಪಕರಣಗಳಿಂದ ಹೊಸ ಡಿಜೆಗಳ ಪೀಳಿಗೆಯೇ ಹುಟ್ಟಿತೆಂಬ ಕಥೆಯನ್ನು ಅಲ್ಲಿಯವರೇ ಕೆಲವರು ಹೇಳುತ್ತಾರೆ. ಕಥೆ ರಸವತ್ತಾಗಿದೆ. ಆದರೆ ಅದನ್ನೇ ಎತ್ತಿ ಹಿಡಿದರೆ ಅದಕ್ಕೆ ಹಿಂದಿನ ನಾಲ್ಕು ವರ್ಷಗಳ ಬೆವರನ್ನು ಮರೆತಂತಾಗುತ್ತದೆ.

ಆಶ್ಚರ್ಯದ ಸಂಗತಿಯೆಂದರೆ, ಆರು ವರ್ಷ ಈ ಸಂಗೀತದ ಒಂದು ರೆಕಾರ್ಡೂ ಬರಲಿಲ್ಲ. ಕೈಯಿಂದ ಕೈಗೆ ಹೋಗುತ್ತಿದ್ದ ಕ್ಯಾಸೆಟ್ಟುಗಳಷ್ಟೇ ದಾಖಲೆ. ರೆಕಾರ್ಡು ಹಾಕಿ ಮಾಡಿದ ಸಂಗೀತವನ್ನು ಮತ್ತೆ ರೆಕಾರ್ಡು ಮಾಡಿದರೆ ಯಾರು ಕೊಳ್ಳುತ್ತಾರೆ ಎಂಬುದು ಫ್ಲ್ಯಾಷ್‌ನಂಥವರ ಪ್ರಶ್ನೆಯಾಗಿತ್ತು. ಕೊಳ್ಳುತ್ತಾರೆಂದು ಊಹಿಸಿದವಳು ಪಕ್ಕದ ನ್ಯೂಜೆರ್ಸಿಯ ಸಿಲ್ವಿಯಾ ರಾಬಿನ್ಸನ್. ‘ಶುಗರ್‌ಹಿಲ್ ಗ್ಯಾಂಗ್’ ಎಂದು ಮೂವರನ್ನು ಕೂಡಿಸಿ 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಹೊರತಂದಳು. ಸುಮಾರು ಹದಿನಾಲ್ಕು ನಿಮಿಷದ ಹಾಡು. ಅಮೆರಿಕದ ಮೊದಲ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿಗೇರಿದ ಪ್ರಥಮ ರ‍್ಯಾಪ್ ಅದು. ಆ ಮೂವರಲ್ಲಿ ಯಾರಿಗೂ ಬ್ರಾಂಕ್ಸಿನ ಮೇಳಗಳಲ್ಲಿ ಹೆಸರಿರಲಿಲ್ಲ. ಡಿಜೆಯಂತೂ ಬೇಕೇ ಆಗಲಿಲ್ಲ: ‘ಶೀಕ್’ ತಂಡದ ‘ಗುಡ್ ಟೈಮ್ಸ್’ ಹಾಡಿನ ಲಯವನ್ನು ಸ್ಟುಡಿಯೊ ವಾದ್ಯಗಾರರೇ ನುಡಿಸಿಬಿಟ್ಟರು. 1982ರಲ್ಲಿ ಬಡತನದ ಬೇಗೆಯನ್ನು ಹೇಳಿ ಹೆಸರಾದ ‘ದಿ ಮೆಸೇಜ್’ ಫ್ಲ್ಯಾಷ್‌ನ ತಂಡದ ಹೆಸರಿನಲ್ಲೇ ಬಂತು; ಆದರೆ ಅದರಲ್ಲಿ ಫ್ಲ್ಯಾಷ್‌ನ ಕೈವಾಡ ಏನೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ‘ಶೀಕ್’ನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕಾನೂನಿನ ಮಾತೆತ್ತಿ ‘ರ‍್ಯಾಪರ್ಸ್ ಡಿಲೈಟ್’ನ ಕರ್ತೃಗಳಾಗಿ ಹೆಸರು ಪಡೆದರು; ಅದು ನ್ಯಾಯವೇ. ಜೇಮ್ಸ್ ಬ್ರೌನ್‌ನ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್‌ಗೆ ಆ ಅದೃಷ್ಟವಿರಲಿಲ್ಲ. ಆತ ನುಡಿಸಿದ ಒಂದು ಬ್ರೇಕ್ ಮುಂದೆ ನೂರಾರು ರ‍್ಯಾಪ್ ಹಾಡುಗಳಿಗೆ ಅಡಿಪಾಯವಾಯಿತು. ಆದರೆ ಹಾಡಿನ ಹಕ್ಕಿನಲ್ಲಿ ಡ್ರಮ್ಮರಿಗೆ ಪಾಲಿಲ್ಲ. 2017ರಲ್ಲಿ ತೀರಿಕೊಳ್ಳುವವರೆಗೂ ಆ ಕೊರಗು ಆತನಿಗಿತ್ತು.

ಇನ್ನು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್. ಬ್ರಾಂಕ್ಸಿನ ಒಳ್ಳೆಯ ಪ್ರಾಸಕಾರರಲ್ಲಿ ಒಬ್ಬನಾದ ಆತನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಹ್ಯಾಂಕ್ ಎಂಬ ಗೆಳೆಯ. ಹ್ಯಾಂಕ್ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತ ಕ್ಯಾಸೆಟ್ಟಿನ ಜೊತೆ ಗುನುಗುತ್ತಿದ್ದಾಗ ಸಿಲ್ವಿಯಾ ಕಿವಿಗೆ ಬಿದ್ದ. ಶುಗರ್‌ಹಿಲ್‌ನ ಮೂವರಲ್ಲಿ ಒಬ್ಬನಾದ. ಹಾಡಲು ಸಾಹಿತ್ಯ ಬೇಕಲ್ಲ? ಕ್ಯಾಜ್ ತನ್ನ ನೋಟ್‌ಬುಕ್ಕನ್ನೇ ಕೊಟ್ಟ. ಮುಂದೆ ತನ್ನನ್ನೂ ಕರೆದಾರೆಂಬ ಭರವಸೆಯಿತ್ತು. ಕರೆ ಬರಲಿಲ್ಲ, ಕಾಸೂ ಬರಲಿಲ್ಲ. ಹ್ಯಾಂಕ್ 2014ರಲ್ಲಿ ತೀರಿಕೊಂಡ. ಇಂದಿಗೂ ಆ ಹಾಡು ಹಾಕಿ ಕೇಳಿದರೆ, ಹ್ಯಾಂಕ್ ತನ್ನ ಪರಿಚಯ ಹೇಳಿಕೊಳ್ಳುತ್ತ ಒಂದು ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾನೆ: ಕ್ಯಾಸನೋವಾ ಫ್ಲೈ. ಅದು ಆಗ ಕ್ಯಾಜ್ ಇಟ್ಟುಕೊಂಡಿದ್ದ ಹೆಸರು.